ಡಿಜೆ ಬಂತು, ಡಿಜೆ ಬಂದರು

(ಸಂಗೀತಾಸಕ್ತರ ಸಣ್ಣ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಸಭೆಯಿಂದ ಬಂದ ಒಂದು ಪ್ರಶ್ನೆಯನ್ನೂ ಅದಕ್ಕೆ ಕೊಟ್ಟ ಉತ್ತರವನ್ನೂ ಬಂದ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಫೋನ್ ಮಾತಿನಿಂದ ಶುರು ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಕಾರ್ಯಕ್ರಮದ ಸಂಜೆ ವೇದಿಕೆಯ ಪಕ್ಕ ನಿಂತಿದ್ದೆ. ಸಂಘಟಕರೊಬ್ಬರು ಯಾರಿಗೋ ಫೋನಿನಲ್ಲಿ ವರದಿ ಒಪ್ಪಿಸುತ್ತಿದ್ದರು: “ಗಾಯಕರು ಬಂದ್ರು. ಕೀಬೋರ್ಡ್‌ನೋರು ಬಂದ್ರು. ಡ್ರಮ್ಸ್‌ನೋರು ಆಗಲೇ ಬಂದಿದ್ದಾರೆ. ಡಿಜೆ ಒಂದು ಬಂದಿಲ್ಲ... ಇರಿ ಇರಿ, ಬಂತು.”

ಡ್ರಮ್ಸ್‌ನೋರು ಅಂದರೆ ನಾನು. ‘ಬಂತು’ ಅಂದರೆ ನನ್ನ ಗೆಳತಿ. ರೆಕಾರ್ಡ್ ತುಂಬಿದ ಎರಡು ಪೆಟ್ಟಿಗೆಗಳನ್ನು ತಾನೇ ಹೊತ್ತುಕೊಂಡು ಮೆಟ್ಟಿಲು ಹತ್ತುತ್ತಿದ್ದಳು.

ಆ ಸಂಘಟಕರು ಒಳ್ಳೆಯವರು. ಅವಳಿಗೆ ಕುರ್ಚಿ ಹಾಕಿಸಿದರು, ಮಾತಾಡಿಸಿದರು, ಒಪ್ಪಿದ ಹಣವನ್ನು ಆ ರಾತ್ರಿಯೇ ಕೊಟ್ಟರು. ಅವಮಾನ ಮಾಡುವ ಉದ್ದೇಶ ಅವರಿಗೆ ಎಳ್ಳಷ್ಟೂ ಇರಲಿಲ್ಲ. ಆ ಮಾತು ನನ್ನನ್ನು ಇಷ್ಟು ದಿನ ಕಾಡಿದ್ದೂ ಅದಕ್ಕೇ. ಬೇಕೆಂದೇ ಮಾಡಿದ ಅವಮಾನವಾಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಇದು ಭಾಷೆಯೊಳಗೇ ಕೂತಿದೆ. ‘ಡಿಜೆ ಇದೆಯಾ?’, ‘ಡಿಜೆ ಹಾಕಿಸಿದ್ದಾರಂತೆ’, ‘ಡಿಜೆ ತುಂಬ ಜೋರಾಗಿತ್ತು’ ಎಂದು ನಾವೆಲ್ಲ ಆಡುತ್ತೇವೆ. ಡಿಸ್ಕ್ ಜಾಕಿ ಎಂದರೆ ತಟ್ಟೆಯ, ಅಂದರೆ ರೆಕಾರ್ಡಿನ, ಸವಾರ. ಹುಟ್ಟಿದಾಗ ಅದು ಮನುಷ್ಯನನ್ನು ಹೇಳುವ ಶಬ್ದ. ನಮ್ಮ ಬಾಯಲ್ಲಿ ಆ ಮನುಷ್ಯ ಮಾಯವಾಗಿ ಸ್ಪೀಕರ್ ಪೆಟ್ಟಿಗೆಗಳಷ್ಟೇ ಉಳಿದಿವೆ. ಕನ್ನಡ ಗೌರವವನ್ನು ಕ್ರಿಯಾಪದದ ಬಾಲದಲ್ಲಿ ಇಟ್ಟಿರುತ್ತದೆ. ಬಂತು, ಬಂದ, ಬಂದರು. ಡಿಜೆಗಳಿಗೆ ಸಂಗೀತಗಾರರಷ್ಟೇ ಗೌರವ ಸಲ್ಲಬೇಕೇ ಎಂಬ ಪ್ರಶ್ನೆಯನ್ನು ನೀವು ಇಂದು ನನ್ನ ಮುಂದೆ ಇಟ್ಟಿದ್ದೀರಿ. ನಾವಿನ್ನೂ ‘ಬಂತು’ವಿನಲ್ಲೇ ನಿಂತಿದ್ದೇವೆ ಎನ್ನುವುದನ್ನು ಮೊದಲು ಗಮನಿಸೋಣ.

ಇನ್ನೊಂದು ಕ್ರಿಯಾಪದವನ್ನೂ ನೋಡಿ. ವೀಣೆ ನುಡಿಸುತ್ತಾರೆ, ಕೊಳಲು ಊದುತ್ತಾರೆ, ಡೋಲು ಬಾರಿಸುತ್ತಾರೆ. ರೆಕಾರ್ಡನ್ನು ಮಾತ್ರ ‘ಹಾಕುತ್ತಾರೆ’. ಫ್ಯಾನ್ ಹಾಕು, ಲೈಟ್ ಹಾಕು, ಹಾಡು ಹಾಕು. ಸ್ವಿಚ್ ಒತ್ತಿದರೆ ಆಗುವ ಕೆಲಸಕ್ಕೆಲ್ಲ ಒಂದೇ ಕ್ರಿಯಾಪದ. ಡಿಜೆಗಳ ಬಗ್ಗೆ ಸಂಗೀತಗಾರರಿಗೆ ಇರುವ ತಕರಾರೆಲ್ಲ ಈ ಒಂದು ಪದದಲ್ಲಿದೆ: ಅವರು ನುಡಿಸುವುದಿಲ್ಲ, ಹಾಕುತ್ತಾರೆ.

ನಾನೂ ಬಹಳ ಕಾಲ ಹಾಗೇ ನಂಬಿದ್ದೆ. ಇಪ್ಪತ್ತು ವರ್ಷ ಡ್ರಮ್ಸ್ ಬಾರಿಸಿದವನು. ನನ್ನ ಕೈಬೆರಳುಗಳ ಚರ್ಮ ದಪ್ಪವಾಗಿರುವುದನ್ನು ಬೇಕಾದರೆ ತೋರಿಸಬಲ್ಲೆ. ಇನ್ನೊಬ್ಬರು ಬಾರಿಸಿಟ್ಟ ಪೆಟ್ಟುಗಳ ಮೇಲೆ ಮುಳ್ಳು ಇಟ್ಟು ಚಪ್ಪಾಳೆ ಗಿಟ್ಟಿಸುವವರನ್ನು ಕಂಡರೆ ಒಳಗೆ ಉರಿಯುತ್ತಿತ್ತು. ಅದನ್ನು ಗೆಳತಿಗೆ ಮುಖಕ್ಕೇ ಹೇಳಿದ್ದೆ. ಅವಳು ವಾದ ಮಾಡಲಿಲ್ಲ. “ಬಾ, ಒಂದು ತಿಂಗಳು ನನ್ನ ಟೇಬಲ್ ಹತ್ತಿರ ನಿಲ್ಲು. ಆಮೇಲೆ ಮಾತಾಡು” ಅಂದಳು.

ರೆಕಾರ್ಡ್ ತಿರುಗಿಸುವ ಎರಡು ಟರ್ನ್‌ಟೇಬಲ್, ನಡುವೆ ಅವೆರಡರ ಸದ್ದು ಬೆರೆಸುವ ಮಿಕ್ಸರ್, ಕುತ್ತಿಗೆಗೆ ಹೆಡ್‌ಫೋನ್. ಮೊದಲ ಪಾಠ ಎರಡು ಹಾಡುಗಳ ಲಯ ಕೂಡಿಸುವುದು. ಲಯವೇ ನನ್ನ ಹೊಟ್ಟೆಪಾಡು. ಅರ್ಧ ಗಂಟೆಯ ಕೆಲಸ ಅಂದುಕೊಂಡೆ.

ಲೆಕ್ಕ ಹೇಳುತ್ತೇನೆ. ಒಂದು ಹಾಡು ನಿಮಿಷಕ್ಕೆ 120 ಬೀಟ್, ಇನ್ನೊಂದು 121 ಎಂದಿಟ್ಟುಕೊಳ್ಳಿ. ಬಿಡಿಬಿಡಿಯಾಗಿ ಕೇಳಿದರೆ ವ್ಯತ್ಯಾಸ ತಿಳಿಯುವುದೇ ಇಲ್ಲ. ಎರಡನ್ನೂ ಒಟ್ಟಿಗೆ ಬಿಟ್ಟರೆ ಅರ್ಧ ನಿಮಿಷದಲ್ಲಿ ಒಂದರ ಪೆಟ್ಟು ಇನ್ನೊಂದರ ಎರಡು ಪೆಟ್ಟುಗಳ ನಟ್ಟನಡುವೆ ಬಂದು ಬೀಳುತ್ತದೆ. 120ರ ಲಯದಲ್ಲಿ ಒಂದು ಬೀಟಿಗೆ ಅರ್ಧ ಸೆಕೆಂಡ್. ವ್ಯತ್ಯಾಸ ಬರೀ 0.1 ಬೀಟ್ ಇದ್ದರೂ ಒಂದು ನಿಮಿಷದ ಹೊತ್ತಿಗೆ ಎರಡು ಪೆಟ್ಟುಗಳ ನಡುವೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ಬಿರುಕು ಬಿಡುತ್ತದೆ. ಕುಣಿಯುವ ಕಾಲಿಗೆ ಅಷ್ಟು ಸಾಕು, ತಡವರಿಸುತ್ತದೆ. ಹಳೆಯ ರೆಕಾರ್ಡ್‌ಗಳಲ್ಲಿ ಇನ್ನೂ ಕಷ್ಟ. ಅವುಗಳಲ್ಲಿ ಬಾರಿಸಿದವರು ನನ್ನಂಥ ಮನುಷ್ಯರು. ಪಲ್ಲವಿಗೆ ಬಂದಾಗ ಹುರುಪಿನಿಂದ ಕೊಂಚ ಓಡುತ್ತಾರೆ, ನಿಧಾನದ ಭಾಗದಲ್ಲಿ ಕೊಂಚ ಹಿಂದೆ ಬೀಳುತ್ತಾರೆ. ಹಾಗಾಗಿ ಒಮ್ಮೆ ಕೂಡಿಸಿ ಕೈ ಬಿಡುವಂತಿಲ್ಲ. ಬೆರಳ ತುದಿಯಲ್ಲಿ ತಟ್ಟೆಯ ಅಂಚನ್ನು ಸವರಿ ನಿಧಾನಿಸುತ್ತ, ಒಂಚೂರು ತಳ್ಳಿ ಮುಂದೂಡುತ್ತ ಇರಬೇಕು. ಅದೂ ಸಾಲದು ಎಂಬಂತೆ, ವೇಗ ಬದಲಿಸಿದರೆ ಶ್ರುತಿಯೂ ಬದಲಾಗುತ್ತದೆ. ತಟ್ಟೆಯ ವೇಗವನ್ನು ಶೇ 6ರಷ್ಟು ಏರಿಸಿದರೆ ಹಾಡು ಸುಮಾರು ಅರ್ಧ ಸ್ವರ ಮೇಲಕ್ಕೆ ಹೋಗುತ್ತದೆ. ಲಯ ಕೂಡಿಸಲು ಹೋಗಿ ಎರಡು ಹಾಡುಗಳ ಶ್ರುತಿ ಕೆಡಿಸಿಕೊಂಡ ರಾತ್ರಿಗಳು ನನಗೆ ನೆನಪಿವೆ.

ನನ್ನ ಅಹಂಕಾರ ಇಳಿಸಿದ್ದು ಇದೆಲ್ಲಕ್ಕಿಂತ ಹೆಚ್ಚಾಗಿ ಹೆಡ್‌ಫೋನ್. ಒಂದು ಕಿವಿ ಸಭೆಗೆ, ಒಂದು ಕಿವಿ ಹೆಡ್‌ಫೋನಿಗೆ. ಒಂದರಲ್ಲಿ ಎಲ್ಲರೂ ಕೇಳುತ್ತಿರುವ ಹಾಡು, ಇನ್ನೊಂದರಲ್ಲಿ ಇನ್ನೂ ಯಾರಿಗೂ ಕೇಳಿಸದ ಮುಂದಿನ ಹಾಡು. ಎರಡು ಲಯಗಳು ಒಂದೇ ತಲೆಯೊಳಗೆ ಹೊಡೆದಾಡುತ್ತಿರುವಾಗ ಯಾವುದು ಓಡುತ್ತಿದೆ, ಯಾವುದು ಎಳೆಯುತ್ತಿದೆ ಎಂದು ತೀರ್ಮಾನಿಸಬೇಕು. ಮೇಳದಲ್ಲಿ ಬಾರಿಸುವಾಗ ನಾನು ಒಂದೇ ಲಯದೊಳಗೆ ಕೂತಿರುತ್ತೇನೆ. ಎಲ್ಲರೂ ನನ್ನನ್ನು ಹಿಡಿದು ನಡೆಯುತ್ತಾರೆ. ಅವಳು ತನ್ನ ಮಾತು ಕೇಳದ, ಎಂದೋ ಮುದ್ರಣಗೊಂಡು ಮುಗಿದುಹೋದ ಎರಡು ಮೇಳಗಳನ್ನು ಪಕ್ಕಪಕ್ಕ ನಡೆಸುತ್ತಾಳೆ. ತಿಂಗಳ ಕೊನೆಗೆ ನನಗೆ ಎರಡು ಹಾಡುಗಳನ್ನು ನಾಲ್ಕು ಆವರ್ತಗಳಷ್ಟು ಹೊತ್ತು ಜೊತೆಗಿರಿಸಲು ಬರುತ್ತಿತ್ತು. ಅವಳು ಅದನ್ನು ಐದು ಗಂಟೆ ಮಾಡುತ್ತಾಳೆ.

ಈ ವಿದ್ಯೆಗೆ ಗುರುಪರಂಪರೆಯೂ ಇದೆ. 1960ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಸ್ಯಾಂಕ್ಚುಅರಿ ಎಂಬ ಕ್ಲಬ್ಬಿನಲ್ಲಿ ಫ್ರಾನ್ಸಿಸ್ ಗ್ರಾಸೊ ಎಂಬವರು ಹಾಡಿನ ಬಾಲಕ್ಕೆ ಹಾಡನ್ನು ಪೋಣಿಸತೊಡಗಿದರು. ಮೋಟರ್ ತಿರುಗುತ್ತಲೇ ಇರುತ್ತದೆ, ತಟ್ಟೆಯ ಕೆಳಗೆ ಬಟ್ಟೆಯ ಹಾಸು, ಮೇಲೆ ಅದುಮಿ ಹಿಡಿದ ಕೈ. ಸರಿಯಾದ ಕ್ಷಣಕ್ಕೆ ಕೈ ಎತ್ತಿದರೆ ಹಾಡು ಪೂರ್ತಿ ವೇಗದಲ್ಲೇ ಹುಟ್ಟುತ್ತದೆ. ಅವರ ಬಳಿ ಇದ್ದ ಯಂತ್ರಗಳು ಈ ಕೆಲಸಕ್ಕೆಂದು ಮಾಡಿದವಲ್ಲ. 1972ರಲ್ಲಿ ಬಂದ ಟರ್ನ್‌ಟೇಬಲ್ ಮಾದರಿ ಟೆಕ್ನಿಕ್ಸ್ ಎಸ್‌ಎಲ್-1200 ಕೂಡ ಮನೆಯಲ್ಲಿ ಕೂತು ಕೇಳುವವರಿಗೆಂದೇ ಮಾರಾಟಕ್ಕೆ ಬಂದದ್ದು. ಬೆಲ್ಟಿನ ಹಂಗಿಲ್ಲದೆ ಮೋಟರೇ ನೇರವಾಗಿ ತಟ್ಟೆಯನ್ನು ತಿರುಗಿಸುವುದರಿಂದ ಕೈ ಇಟ್ಟರೂ ಅದು ಸೋಲುವುದಿಲ್ಲ ಎಂದು ಕಂಡುಕೊಂಡವರು ಡಿಜೆಗಳು. 1979ರಲ್ಲಿ ಅದೇ ಯಂತ್ರದ ಹೊಸ ಮಾದರಿ ಬಂದಾಗ ವೇಗವನ್ನು ಶೇ 8ರಷ್ಟು ಹೆಚ್ಚು ಕಡಿಮೆ ಮಾಡುವ ಸ್ಲೈಡರ್ ಅವರ ಕೈಗೆ ಸಿಗುವಂತೆ ಮೇಲೆಯೇ ಕೂತಿತ್ತು. ವಾದ್ಯವಾದಕರ ಕೈ ವಾದ್ಯದ ರೂಪವನ್ನು ತಿದ್ದುವುದು ಅಂದರೆ ಇದೇ. ಅಂದಹಾಗೆ, ಜಾನ್ ಕೇಜ್ 1939ರಲ್ಲೇ ವೇಗ ಬದಲಿಸಬಲ್ಲ ಟರ್ನ್‌ಟೇಬಲ್‌ಗಳನ್ನು ಪಿಯಾನೊ ಮತ್ತು ತಾಳಗಳ ಜೊತೆ ಕೂರಿಸಿ ಕೃತಿ ರಚಿಸಿದ್ದರು. ಅದನ್ನು ಸಂಗೀತವೆಂದು ಒಪ್ಪಿ ಪಠ್ಯದಲ್ಲಿ ಸೇರಿಸಿದವರೇ ಕ್ಲಬ್ಬಿನಲ್ಲಿ ಅದೇ ಯಂತ್ರ ಕಂಡಾಗ ಮೂಗು ಮುರಿಯುವುದು ನನಗೆ ಅರ್ಥವಾಗುವುದಿಲ್ಲ.

ಡ್ರಮ್ಸ್ ಬಾರಿಸುವವನಾಗಿ ನಾನು ಎದ್ದು ನಿಂತು ನಮಸ್ಕರಿಸುವುದು ಕೂಲ್ ಹರ್ಕ್ ಅವರಿಗೆ. ಅವರ ನಿಜ ಹೆಸರು ಕ್ಲೈವ್ ಕ್ಯಾಂಪ್‌ಬೆಲ್. ಜಮೈಕಾದಲ್ಲಿ ಹುಟ್ಟಿ ಹುಡುಗನಾಗಿದ್ದಾಗಲೇ ನ್ಯೂಯಾರ್ಕಿನ ಬ್ರಾಂಕ್ಸ್‌ಗೆ ಬಂದವರು. 1973ರ ಆಗಸ್ಟ್ 11ರಂದು 1520 ಸೆಡ್ಜ್‌ವಿಕ್ ಅವೆನ್ಯೂ ಎಂಬ ವಸತಿ ಕಟ್ಟಡದಲ್ಲಿ ಅವರ ತಂಗಿ ಸಿಂಡಿ ಏರ್ಪಡಿಸಿದ್ದ ಪಾರ್ಟಿಗೆ ಅವರು ರೆಕಾರ್ಡ್ ನುಡಿಸಿದರು. ಹಿಪ್‌ಹಾಪ್ ಹುಟ್ಟಿದ ದಿನವೆಂದು ಇಂದು ಜಗತ್ತು ನೆನೆಯುವುದು ಅದೇ ದಿನವನ್ನು. ಆ ಕಾಲದ ಕುಣಿತದ ಹಾಡುಗಳಲ್ಲಿ ಒಂದು ಜಾಗ ಬರುತ್ತಿತ್ತು. ಹಾಡುವವರು ನಿಲ್ಲಿಸುತ್ತಾರೆ, ಗಿಟಾರ್ ನಿಲ್ಲುತ್ತದೆ, ಕೊಂಬು ಕಹಳೆಗಳು ನಿಲ್ಲುತ್ತವೆ. ಡ್ರಮ್ಸ್ ಒಂದೇ ಉಳಿಯುತ್ತದೆ. ಅದಕ್ಕೆ ಬ್ರೇಕ್ ಎನ್ನುತ್ತಾರೆ. ಕೆಲವೇ ಸೆಕೆಂಡು. ಮತ್ತೆ ಎಲ್ಲರೂ ಮುಗಿಬಿದ್ದು ಹಾಡಿಗೆ ಮರಳುತ್ತಾರೆ. ಕುಣಿಯುವವರಲ್ಲಿ ಒಂದಷ್ಟು ಮಂದಿ ಇಡೀ ಹಾಡಿಗೆ ಸುಮ್ಮನಿದ್ದು ಆ ಕೆಲವು ಸೆಕೆಂಡಿಗೆಂದೇ ಕಾಯುತ್ತಿದ್ದುದನ್ನು ಹರ್ಕ್ ಗಮನಿಸಿದರು. ಒಂದೇ ರೆಕಾರ್ಡಿನ ಎರಡು ಪ್ರತಿ ತಂದರು. ಒಂದರ ಬ್ರೇಕ್ ಮುಗಿಯುತ್ತಿದ್ದಂತೆ ಇನ್ನೊಂದರ ಬ್ರೇಕ್, ಅದು ಮುಗಿಯುವಷ್ಟರಲ್ಲಿ ಮೊದಲನೆಯದನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಅದೇ. ಸೆಕೆಂಡುಗಳಲ್ಲಿ ಮುಗಿಯುತ್ತಿದ್ದದ್ದು ನಿಮಿಷಗಟ್ಟಲೆ ಬೆಳೆಯಿತು.

ಇದರಲ್ಲಿ ನನಗೆ ಕಾಣುವುದೇನು ಗೊತ್ತೆ? ಮೇಳದ ನಾಯಕರು ಡ್ರಮ್ಸ್‌ನವರಿಗೆ ಕೊಡುತ್ತಿದ್ದದ್ದು ನಾಲ್ಕು ಆವರ್ತ. ಹಿಂದಿನ ಸಾಲಿನಲ್ಲಿ, ಬೆಳಕು ಬೀಳದ ಜಾಗದಲ್ಲಿ ಕೂತ ನಮ್ಮನ್ನು ಮುಂದಕ್ಕೆ ಕರೆದು ‘ಇನ್ನೂ ಬಾರಿಸಿ, ಜನ ನಿಮಗಾಗಿಯೇ ಬಂದಿದ್ದಾರೆ’ ಎಂದವರು ಸಂಗೀತಗಾರರಲ್ಲ, ಒಬ್ಬ ಡಿಜೆ. ಆ ಹಾಡು ಮಾಡಿದವರಿಗೇ ತಮ್ಮ ಹಾಡಿನಲ್ಲಿ ಏನಿದೆ ಎಂದು ತಿಳಿದಿರಲಿಲ್ಲ. ಕೇಳಿ ತಿಳಿದವರು ತೋರಿಸಿದರು. ಮುದ್ರಣಗೊಂಡು ಮೂಕವಾಗಿದ್ದ ತಟ್ಟೆಯಿಂದ ಅದು ಹಿಂದೆಂದೂ ಆಡದ ಮಾತನ್ನು ಆಡಿಸಿದರು. ನುಡಿಸುವುದು ಎಂದರೆ ನುಡಿಯುವಂತೆ ಮಾಡುವುದು ತಾನೆ? ಹಾಗಿದ್ದರೆ ಹರ್ಕ್ ರೆಕಾರ್ಡ್ ಹಾಕಲಿಲ್ಲ, ನುಡಿಸಿದರು.

ಅವರ ಬೆನ್ನಿಗೇ ಬಂದ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್, ಅಂದರೆ ಜೋಸೆಫ್ ಸ್ಯಾಡ್ಲರ್, ವೃತ್ತಿ ಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ಓದಿದ ಹುಡುಗ. ಹರ್ಕ್ ಅಂದಾಜಿನಿಂದ ಮಾಡುತ್ತಿದ್ದದ್ದಕ್ಕೆ ಅವರು ನಿಖರತೆ ತಂದರು. ತಟ್ಟೆಯ ಮೇಲೆ ಕ್ರೇಯಾನ್‌ನಿಂದ ಗೆರೆ ಎಳೆದು, ಗಡಿಯಾರದ ಮುಳ್ಳು ನೋಡುವಂತೆ ನೋಡಿ, ಎಷ್ಟು ಸುತ್ತು ಹಿಂದಕ್ಕೆ ತಿರುಗಿಸಿದರೆ ಬ್ರೇಕಿನ ಮೊದಲ ಪೆಟ್ಟು ಸಿಗುತ್ತದೆ ಎಂದು ಲೆಕ್ಕ ಹಾಕಿದರು. ಗ್ರ್ಯಾಂಡ್ ವಿಜರ್ಡ್ ಥಿಯೊಡೋರ್ ತಾವೇ ಹೇಳಿಕೊಂಡಿರುವ ಕಥೆ ನಿಮಗೆ ಗೊತ್ತಿರಬಹುದು. ಸದ್ದು ಕಡಿಮೆ ಮಾಡು ಎಂದು ತಾಯಿ ಕೋಣೆಯ ಬಾಗಿಲಿಗೆ ಬಂದಾಗ ತಟ್ಟೆಯನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದರು, ಕೈ ಹಿಂದಕ್ಕೂ ಮುಂದಕ್ಕೂ ಆಡಿತು, ಅದರಿಂದ ಹುಟ್ಟಿದ ಸದ್ದೇ ಸ್ಕ್ರ್ಯಾಚ್. ಒಂದು ದಶಕವೂ ಆಗಿರಲಿಲ್ಲ, 1983ರಲ್ಲಿ ಜಾಝ್ ಪಿಯಾನೊದ ದೊಡ್ಡ ಹೆಸರು ಹರ್ಬಿ ಹ್ಯಾಂಕಾಕ್ ತಮ್ಮ ಒಂದು ಕೃತಿಯಲ್ಲಿ ಆ ಸ್ಕ್ರ್ಯಾಚನ್ನು ಮುಖ್ಯ ವಾದ್ಯಗಳ ಸಾಲಿಗೆ ತಂದು ಕೂರಿಸಿಕೊಂಡರು. ಹ್ಯಾಂಕಾಕ್ ಅವರಿಗೆ ಅದು ವಾದ್ಯವೇ ಎಂಬ ಅನುಮಾನ ಬರಲಿಲ್ಲ. 2019ರಲ್ಲಿ ಸ್ವೀಡನ್ನಿನ ಪೋಲಾರ್ ಸಂಗೀತ ಪ್ರಶಸ್ತಿಯನ್ನು ಶಾಸ್ತ್ರೀಯ ಗಾಯಕಿ ಆನ್ ಸೋಫಿ ಫಾನ್ ಓಟರ್ ಮತ್ತು ಫ್ಲ್ಯಾಶ್ ಇಬ್ಬರೂ ಪಡೆದರು.

ಇಷ್ಟು ಹೇಳಿ ಸಂಗೀತಗಾರರ ಕೋಪವನ್ನು ತಳ್ಳಿಹಾಕಿದರೆ ನಾನು ನನ್ನವರಿಗೇ ದ್ರೋಹ ಮಾಡಿದಂತೆ. ಆ ಕೋಪಕ್ಕೆ ಚರಿತ್ರೆಯಿದೆ, ಅದು ಹೊಟ್ಟೆಕಿಚ್ಚಿನ ಚರಿತ್ರೆಯಲ್ಲ. 1906ರಲ್ಲೇ ಅಮೆರಿಕದ ಬ್ಯಾಂಡ್ ನಾಯಕ ಜಾನ್ ಫಿಲಿಪ್ ಸೌಸಾ ಯಂತ್ರದ ಸಂಗೀತ ಮನುಷ್ಯರನ್ನು ಹಾಡುವುದರಿಂದಲೇ ಬಿಡಿಸಿಬಿಡುತ್ತದೆ ಎಂದು ಬರೆದು ಎಚ್ಚರಿಸಿದ್ದರು. 1920ರ ದಶಕದ ಕೊನೆಯಲ್ಲಿ ಸಿನಿಮಾ ಮಾತಾಡಲು ಕಲಿತಾಗ ಮೂಕಿ ಚಿತ್ರಗಳಿಗೆ ಚಿತ್ರಮಂದಿರದಲ್ಲೇ ಕೂತು ನುಡಿಸುತ್ತಿದ್ದ ಸಾವಿರಾರು ವಾದ್ಯಗಾರರು ಬೀದಿಗೆ ಬಿದ್ದರು. 1942ರ ಆಗಸ್ಟ್ 1ರಿಂದ ಅಮೆರಿಕದ ಸಂಗೀತಗಾರರ ಒಕ್ಕೂಟ ತನ್ನ ಸದಸ್ಯರು ರೆಕಾರ್ಡಿಗೆ ನುಡಿಸಬಾರದೆಂದು ಮುಷ್ಕರ ಹೂಡಿತು. ಅದು ಪೂರ್ತಿ ಮುಗಿದದ್ದು 1944ರಲ್ಲಿ. ತಾವೇ ನುಡಿಸಿದ ರೆಕಾರ್ಡ್ ರೇಡಿಯೊದಲ್ಲೂ ಹೋಟೆಲುಗಳಲ್ಲೂ ಓಡಿ ತಮ್ಮದೇ ಕೆಲಸ ಕಿತ್ತುಕೊಳ್ಳುತ್ತಿದೆ ಎನ್ನುವುದು ಅವರ ಅಳಲು. ಐದು ಜನರ ಮೇಳದ ಜಾಗದಲ್ಲಿ ಒಬ್ಬ ಡಿಜೆಯನ್ನು ಕರೆದಾಗ ಐದು ಮನೆಗಳ ಒಲೆ ತಣ್ಣಗಾಗುತ್ತದೆ. ಇದು ನಿಜ. ನಾನೂ ಅಂಥ ಐವರಲ್ಲಿ ಒಬ್ಬನಾಗಿ ಮನೆಗೆ ಮರಳಿದ್ದೇನೆ. ಆದರೆ ಐವರ ಜಾಗಕ್ಕೆ ಒಬ್ಬರನ್ನು ಕರೆಯುವ ತೀರ್ಮಾನ ಯಾರದು? ಆ ಒಬ್ಬರದಂತೂ ಅಲ್ಲ.

ಇನ್ನೊಂದು ಬಗೆಯ ತಿರಸ್ಕಾರವೂ ಉಂಟು. ಅದಕ್ಕೂ ಸಂಗೀತಕ್ಕೂ ಸಂಬಂಧ ಕಡಿಮೆ. 1979ರ ಜುಲೈ 12ರಂದು ಷಿಕಾಗೊದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ರೆಕಾರ್ಡ್‌ಗಳನ್ನು ರಾಶಿ ಹಾಕಿ ಸಿಡಿಮದ್ದಿನಿಂದ ಸ್ಫೋಟಿಸಿದರು. ಜನ ಮೈದಾನಕ್ಕೆ ನುಗ್ಗಿ ಆ ದಿನದ ಎರಡನೇ ಪಂದ್ಯವೇ ನಡೆಯಲಿಲ್ಲ. ಆ ಸಂಗೀತಕ್ಕೆ ಕುಣಿಯುತ್ತಿದ್ದವರಲ್ಲಿ ಬಹಳ ಮಂದಿ ಕಪ್ಪು ಜನ, ಲ್ಯಾಟಿನೊ ಜನ, ಸಲಿಂಗಿಗಳು. ಸಿಡಿಸಿದ್ದು ಬರೀ ಪ್ಲಾಸ್ಟಿಕ್ ತಟ್ಟೆಗಳನ್ನು ಎಂದು ನನಗೆ ಅನ್ನಿಸುವುದಿಲ್ಲ. ಅದೇ ಊರಿನ ವೇರ್‌ಹೌಸ್ ಎಂಬ ಕ್ಲಬ್ಬಿನಲ್ಲಿ ಫ್ರ್ಯಾಂಕಿ ನಕಲ್ಸ್ 1977ರಿಂದ ನುಡಿಸುತ್ತಿದ್ದರು. ಡಿಸ್ಕೊ ಸತ್ತಿತೆಂದು ಕಂಪನಿಗಳು ಕೈ ತೊಳೆದುಕೊಂಡ ಮೇಲೆ ಅವರು ಹಳೆಯ ಹಾಡುಗಳನ್ನು ಕತ್ತರಿಸಿ, ಹಿಗ್ಗಿಸಿ, ಡ್ರಮ್ ಯಂತ್ರದ ಲಯ ಸೇರಿಸಿ ಮತ್ತೆ ಕುಣಿಸಿದರು. ಆ ಸಂಗೀತಕ್ಕೆ ಹೌಸ್ ಎಂಬ ಹೆಸರು ಬಂದದ್ದು ಆ ಕ್ಲಬ್ಬಿನಿಂದಲೇ ಎಂದು ಹೇಳುತ್ತಾರೆ. 2004ರಲ್ಲಿ ಷಿಕಾಗೊ ನಗರ ಆ ಕ್ಲಬ್ ಇದ್ದ ಬೀದಿಯ ತುಣುಕಿಗೆ ಅವರ ಹೆಸರಿಟ್ಟು ಗೌರವಿಸಿತು. ರೆಕಾರ್ಡ್ ಸಿಡಿಸಿದ ಊರಿಗೆ ‘ಬಂತು’ವಿನಿಂದ ‘ಬಂದರು’ಗೆ ಬರಲು 25 ವರ್ಷ ಹಿಡಿಯಿತು.

ಈ ಹಂತದಲ್ಲಿ ಸಭೆಯಿಂದ ಒಬ್ಬ ಹಿರಿಯರು ಎದ್ದು ಕೇಳಿದರು: “ಅದೆಲ್ಲ ಹಳೆಯ ಕಾಲದ ಮಾತಾಯಿತು. ಈಗ ಕಂಪ್ಯೂಟರೇ ಲಯ ಕೂಡಿಸುತ್ತದೆಯಲ್ಲ? ಇಪ್ಪತ್ತು ವರ್ಷ ವೀಣೆ ಸಾಧಕ ಮಾಡಿದವರನ್ನೂ ಬಟನ್ ಒತ್ತುವವರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತೀರಾ?”

ಸರಿಯಾದ ಪ್ರಶ್ನೆ. ಹೌದು, ಸಿಂಕ್ ಎಂಬ ಬಟನ್ ಇದೆ. ನಾನು ಒಂದು ತಿಂಗಳು ಒದ್ದಾಡಿ ಕಲಿತದ್ದನ್ನು ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುತ್ತದೆ. ದೊಡ್ಡ ಉತ್ಸವಗಳಲ್ಲಿ ದೀಪ, ಬೆಂಕಿ, ಪರದೆಯ ಚಿತ್ರ ಎಲ್ಲವೂ ಸೆಕೆಂಡಿಗೆ ಸೆಕೆಂಡ್ ಹೊಂದಬೇಕೆಂದು ಇಡೀ ಕಾರ್ಯಕ್ರಮವನ್ನು ಮೊದಲೇ ಸಿದ್ಧ ಮಾಡಿ ತರುವವರೂ ಇದ್ದಾರೆ. ಡೆಡ್‌ಮೌಸ್ ಎಂಬ ಹೆಸರಿನ ಪ್ರಸಿದ್ಧ ಸಂಗೀತ ನಿರ್ಮಾಪಕರು 2012ರಲ್ಲಿ ತಮ್ಮಂಥವರೆಲ್ಲ ವೇದಿಕೆ ಮೇಲೆ ಮಾಡುವುದು ಪ್ಲೇ ಬಟನ್ ಒತ್ತುವುದನ್ನೇ ಎಂದು ಬಹಿರಂಗವಾಗಿ ಬರೆದರು. ಕೈ ಮೇಲೆತ್ತಿ ಕುಣಿಯುತ್ತ, ಮಿಕ್ಸರ್ ತಿರುಗಿಸಿದಂತೆ ನಟಿಸುವುದನ್ನು ಕಂಡರೆ ನನಗೂ ಬೇಸರವಾಗುತ್ತದೆ. ಆದರೆ ಸಭೆಯ ಮುಂದೆ ತುಟಿಯಾಡಿಸಿ, ಮುದ್ರಿತ ಧ್ವನಿಯಲ್ಲಿ ‘ಹಾಡುವ’ ಗಾಯಕರನ್ನು ಕಂಡಾಗಲೂ ಅಷ್ಟೇ ಬೇಸರವಾಗುತ್ತದೆ. ಅಂಥವರು ಇದ್ದಾರೆಂದು ಗಾಯನವೇ ಸುಳ್ಳು ಎಂದು ನಾವು ಹೇಳುವುದಿಲ್ಲ.

ಆ ಬಟನ್ ನನಗೊಂದು ಉಪಕಾರ ಮಾಡಿತು. ಡಿಜೆಯ ವಿದ್ಯೆ ಇರುವುದು ಲಯ ಕೂಡಿಸುವುದರಲ್ಲೇ ಎಂದು ನಾನು ತಿಳಿದಿದ್ದೆ. ಅದನ್ನು ಯಂತ್ರ ಕಸಿದುಕೊಂಡ ಮೇಲೆ ಏನು ಉಳಿಯುತ್ತದೆ ಎಂದು ನೋಡಲು ಸಾಧ್ಯವಾಯಿತು. ಜಮೈಕಾದ ಸೌಂಡ್ ಸಿಸ್ಟಮ್‌ಗಳಲ್ಲಿ, ಅಂದರೆ ದೊಡ್ಡ ಸ್ಪೀಕರ್‌ಗಳನ್ನಿಟ್ಟು ಕುಣಿತದ ಸಭೆ ನಡೆಸುವ ತಂಡಗಳಲ್ಲಿ, ಡಿಜೆ ಎಂದರೆ ಮೈಕ್ ಹಿಡಿದು ಲಯಬದ್ಧವಾಗಿ ಮಾತಾಡುವವರು. ರೆಕಾರ್ಡ್ ನುಡಿಸುವವರಿಗೆ ಅಲ್ಲಿ ಬೇರೆ ಹೆಸರು, ಸೆಲೆಕ್ಟರ್. ಆರಿಸುವವರು. ಉಳಿಯುವುದು ಆ ಆಯ್ಕೆ.

ಗೆಳತಿಯ ಪಕ್ಕ ನಿಂತು ಒಂದು ರಾತ್ರಿ ಕಂಡದ್ದನ್ನು ಹೇಳುತ್ತೇನೆ. ಹನ್ನೊಂದರ ಹೊತ್ತಿಗೆ ಸಭೆ ತುಂಬಿತ್ತು, ಎಲ್ಲರೂ ಕುಣಿಯುತ್ತಿದ್ದರು. ನಾನಾಗಿದ್ದರೆ ಇನ್ನೂ ವೇಗದ ಹಾಡು ಹಿಡಿಯುತ್ತಿದ್ದೆ. ಅವಳು ನೋಡುತ್ತಿದ್ದದ್ದು ನಡುವೆ ಕುಣಿಯುವವರನ್ನಲ್ಲ, ಅಂಚಿನಲ್ಲಿದ್ದವರನ್ನು. “ಗೋಡೆ ಪಕ್ಕದೋರ ಭುಜ ನೋಡು, ಸುಸ್ತಾಗಿದೆ. ಇನ್ನು ಹತ್ತು ನಿಮಿಷಕ್ಕೆ ಹೊರಡ್ತಾರೆ. ಅವರು ಹೊರಟ್ರೆ ನಡುವಿನೋರೂ ಹೊರಡ್ತಾರೆ” ಅಂದಳು. ಮೂರು ಹಾಡುಗಳಲ್ಲಿ, ಯಾರಿಗೂ ಗೊತ್ತಾಗದಂತೆ, ಲಯವನ್ನು ಇಳಿಸಿದಳು. ಕೆಳದನಿಯ ಬಾಸನ್ನು ಒಂದಿಷ್ಟು ಹೊತ್ತು ಪೂರ್ತಿ ತೆಗೆದುಬಿಟ್ಟಳು. ಜನ ಕಾಲು ನಿಧಾನಿಸಿದರು, ಒಬ್ಬರ ಮುಖ ಒಬ್ಬರು ನೋಡಿದರು, ಕೆಲವರು ಕಣ್ಣು ಮುಚ್ಚಿದರು. ಆಮೇಲೆ ಹೆಣ್ಣುದನಿಯೊಂದು ಏಕಾಂಗಿಯಾಗಿ ಎದ್ದುಬರುವ ಹಾಡೊಂದನ್ನು ತಂದು, ಆ ದನಿ ತುತ್ತತುದಿಗೆ ಏರಿದ ಕ್ಷಣಕ್ಕೆ ಬಾಸನ್ನು ವಾಪಸ್ ಬಿಟ್ಟಳು. ಗೋಡೆ ಪಕ್ಕದವರು ನಡುವಿಗೆ ಬಂದಿದ್ದರು. ಮುಂದಿನ ಎರಡು ಗಂಟೆ ಯಾರೂ ಮನೆಗೆ ಹೋಗಲಿಲ್ಲ. ಆ ಹಾಡಿಗೆ ಅವಳು ಒಂದು ಸ್ವರವನ್ನೂ ಸೇರಿಸಿರಲಿಲ್ಲ. ಆದರೆ ಆ ಹಾಡು ಆ ಕ್ಷಣದಲ್ಲಿ ಹೇಳಿದ್ದನ್ನು ಬೇರೆ ಯಾವ ಕ್ಷಣದಲ್ಲೂ ಹೇಳುತ್ತಿರಲಿಲ್ಲ. ಮೊದಲೇ ಬರೆದಿಟ್ಟುಕೊಳ್ಳದೆ, ಎದುರಿಗಿರುವ ಕೇಳುಗರನ್ನು ನೋಡಿ, ಆ ಗಳಿಗೆಗೆ ತಕ್ಕದ್ದನ್ನು ಹೊಳೆಯಿಸಿಕೊಂಡು ಬೆಳೆಸುವುದಕ್ಕೆ ನಮ್ಮ ಸಂಗೀತದಲ್ಲಿ ಒಂದು ಹೆಸರಿದೆ, ಮನೋಧರ್ಮ. ನಾನು ಆ ಪದವನ್ನು ಹಗುರವಾಗಿ ಬಳಸುವವನಲ್ಲ. ಅವತ್ತು ಬಳಸಿದೆ.

ಬೆರಳು ಇದನ್ನು ಇಪ್ಪತ್ತು ವರ್ಷ ಅಭ್ಯಾಸ ಮಾಡುವುದಿಲ್ಲ, ನಿಜ. ಕಿವಿ ಮಾಡುತ್ತದೆ. ಸಾವಿರಾರು ಹಾಡುಗಳನ್ನು ಒಳಗೆ ಇಟ್ಟುಕೊಂಡು, ಯಾವುದರ ಎಷ್ಟನೇ ನಿಮಿಷದಲ್ಲಿ ಏನಾಗುತ್ತದೆ, ಯಾವುದರ ಪಕ್ಕ ಯಾವುದು ಕೂರುತ್ತದೆ ಎಂದು ಕೇಳಿ ಕೇಳಿ ತಿಳಿದಿರಬೇಕು. ವೀಣೆಯ ಸಾಧಕವನ್ನು ಇದಕ್ಕೆ ಸಮ ಎಂದು ನಾನು ಹೇಳುತ್ತಿಲ್ಲ, ಕಡಿಮೆ ಎಂದೂ ಹೇಳುತ್ತಿಲ್ಲ. ಅವು ಬೇರೆ ಬೇರೆ. ಜರ್ಮನಿಯ ಫೆಡರಲ್ ಹಣಕಾಸು ನ್ಯಾಯಾಲಯದ ಮುಂದೆ ಇದೇ ಪ್ರಶ್ನೆ ತೆರಿಗೆಯ ವೇಷದಲ್ಲಿ ಬಂದಿತ್ತು. ಸಂಗೀತ ಕಚೇರಿಯ ಟಿಕೆಟ್ಟಿಗೆ ಅಲ್ಲಿ ಶೇ 7, ಸಾಮಾನ್ಯ ಮನರಂಜನೆಗೆ ಶೇ 19. ಟೆಕ್ನೊ ಕ್ಲಬ್ಬಿನ ಪ್ರವೇಶದ ಹಣ ಯಾವುದರ ಲೆಕ್ಕ? ಡಿಜೆಗಳು ಬೇರೆಯವರ ಮುದ್ರಿಕೆಯನ್ನು ಬರಿದೇ ಓಡಿಸುವುದಿಲ್ಲ, ವಿಶಾಲಾರ್ಥದಲ್ಲಿ ವಾದ್ಯಗಳೆನ್ನಬಹುದಾದ ಸಾಧನಗಳಿಂದ ತಮ್ಮದೇ ಹೊಸ ಸಂಗೀತವನ್ನು ಪ್ರಸ್ತುತಪಡಿಸುತ್ತಾರೆ ಎಂಬ ನಿಲುವಿಗೆ ಆ ನ್ಯಾಯಾಲಯ 2020ರಲ್ಲಿ ಬಂತು. ತೆರಿಗೆಯವರಿಗಿಂತ ನಾವು ಹಿಂದೆ ಬೀಳಬಾರದು.

ಕನ್ನಡದಲ್ಲಿ ಮರ್ಯಾದೆ ಬೇರೆ, ಮನ್ನಣೆ ಬೇರೆ. ಮರ್ಯಾದೆ ಕೆಲಸ ಮಾಡುವ ಎಲ್ಲರಿಗೂ ಮೊದಲ ಕ್ಷಣದಿಂದಲೇ ಸಲ್ಲಬೇಕು: ‘ಬಂದರು’ ಎಂಬ ಮಾತು, ಆಮಂತ್ರಣದಲ್ಲಿ ಹೆಸರು, ಹೇಳಿದ ಹೊತ್ತಿಗೆ ಹಣ. ಅದರಲ್ಲಿ ಡಿಜೆಗೂ ವೀಣೆಯವರಿಗೂ ಕೂದಲೆಳೆಯ ವ್ಯತ್ಯಾಸವೂ ಇರಕೂಡದು. ಮನ್ನಣೆ ಅವರವರು ಗಳಿಸಬೇಕಾದದ್ದು. ಹಾಕುವ ಡಿಜೆಗೆ ಅದು ಸಿಗಬೇಕಿಲ್ಲ, ನುಡಿಸುವ ಡಿಜೆಗೆ ಸಿಗದಿದ್ದರೆ ಅನ್ಯಾಯ.

ಮನ್ನಣೆ ಕೇಳುವ ಡಿಜೆಗಳಿಗೂ ನನ್ನದೊಂದು ಮಾತಿದೆ. 1969ರಲ್ಲಿ ವಿನ್‌ಸ್ಟನ್ಸ್ ಎಂಬ ಮೇಳ ಒಂದು ರೆಕಾರ್ಡಿನ ಹಿಂಬದಿಗೆ ಒಂದು ವಾದ್ಯ ಕೃತಿ ನುಡಿಸಿತು. ಅದರ ನಡುವೆ ಗ್ರೆಗರಿ ಕೋಲ್ಮನ್ ಎಂಬ ಡ್ರಮ್ಮರ್ ನಾಲ್ಕು ಆವರ್ತ ಒಬ್ಬರೇ ಬಾರಿಸಿದರು. ಆರೇಳು ಸೆಕೆಂಡಿನ ಆ ತುಣುಕನ್ನು ಆಮೆನ್ ಬ್ರೇಕ್ ಎನ್ನುತ್ತಾರೆ. ಮುಂದೆ ಅದನ್ನು ಕತ್ತರಿಸಿ, ವೇಗ ಹೆಚ್ಚಿಸಿ, ಸಾವಿರಾರು ಹಾಡುಗಳಲ್ಲಿ ಬಳಸಿದರು. ಜಂಗಲ್ ಎಂಬ ಇಡೀ ಪ್ರಕಾರ ಅದರ ಬೆನ್ನ ಮೇಲೆ ನಿಂತಿತು. ಕೋಲ್ಮನ್ ಅವರಿಗೆ ಒಂದು ಕಾಸೂ ಬರಲಿಲ್ಲ. 2006ರಲ್ಲಿ ಅವರು ಬಡತನದಲ್ಲೇ ತೀರಿಹೋದರು. 2015ರಲ್ಲಿ ಈ ಸಂಗೀತವನ್ನು ಪ್ರೀತಿಸುವವರು ಚಂದಾ ಎತ್ತಿ ಸುಮಾರು 24,000 ಪೌಂಡ್ ಕೂಡಿಸಿ ಮೇಳದ ನಾಯಕ ರಿಚರ್ಡ್ ಸ್ಪೆನ್ಸರ್ ಅವರಿಗೆ ತಲುಪಿಸಿದರು. ಡ್ರಮ್ಮರ್ ಅದನ್ನು ನೋಡಲು ಇರಲಿಲ್ಲ. ನಾನು ಅವರ ಆ ನಾಲ್ಕು ಆವರ್ತವನ್ನು ಕೂತು ಬಾರಿಸಲು ಪ್ರಯತ್ನಿಸಿದ್ದೇನೆ. ಮೂರನೆಯ ಆವರ್ತದಲ್ಲಿ ಅವರು ಪೆಟ್ಟನ್ನು ಇರಬೇಕಾದ ಜಾಗದಿಂದ ಒಂದಿಷ್ಟು ಸರಿಸುತ್ತಾರೆ. ಆ ಸರಿಸಿದ್ದರಲ್ಲೇ ಇಡೀ ಜೀವವಿದೆ.

ಇದನ್ನು ಗೆಳತಿಗೆ ಹೇಳಿದಾಗ ಅವಳು ರೆಕಾರ್ಡ್ ಪೆಟ್ಟಿಗೆಯ ಬದಿಯಿಂದ ಒಂದು ನೋಟ್‌ಬುಕ್ ತೆಗೆದುಕೊಟ್ಟಳು. ತಾನು ನುಡಿಸುವ ಪ್ರತಿ ರೆಕಾರ್ಡಿಗೆ ಒಂದೊಂದು ಸಾಲು: ಡ್ರಮ್ಸ್ ಯಾರು, ಬಾಸ್ ಯಾರು, ಹಿಂದೆ ದನಿಗೂಡಿಸಿದವರು ಯಾರು. ಕಾರ್ಯಕ್ರಮ ಮುಗಿದ ಮೇಲೆ ಆ ರಾತ್ರಿಯ ಪುಟವನ್ನು ಬಾಗಿಲ ಬಳಿ ಅಂಟಿಸಿ ಹೋಗುತ್ತಾಳಂತೆ. ಎಷ್ಟೋ ಕಡೆ ಖಾಲಿ ಬಿಟ್ಟಿದ್ದಳು. ಆ ಕಾಲದ ಬಹಳಷ್ಟು ರೆಕಾರ್ಡ್‌ಗಳ ಲಕೋಟೆಯ ಮೇಲೆ ವಾದ್ಯಗಾರರ ಹೆಸರನ್ನು ಅಚ್ಚು ಹಾಕುತ್ತಲೇ ಇರಲಿಲ್ಲ.

“ಖಾಲಿ ಇರೋದನ್ನ ಬಿಟ್ಟು ಮುಂದೆ ಬರೆದರಾಯ್ತಲ್ಲ” ಅಂದೆ.

“ಬಿಟ್ರೆ ಮುಂದೆ ಬರೆಯೋಕೆ ಜಾಗ ಎಲ್ಲಿರುತ್ತೆ? ಒಬ್ಬರದು ಮೊನ್ನೆ ಸಿಕ್ತು ಕಣೋ” ಎಂದು ಪುಟ ತಿರುಗಿಸಿ, ಬೇರೆ ಬಣ್ಣದ ಶಾಯಿಯಲ್ಲಿದ್ದ ಒಂದು ಹೆಸರನ್ನು ತೋರಿಸಿದಳು.